ಡೋಣಿ ದಂಡೆಯ ಜೋಳಕ್ಕೆ ಬಂದಿಳಿಯುವ ಗುಲಾಬಿ ಕಬ್ಬಕ್ಕಿ

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮದು ತಾಳಿಕೋಟಿ ಹತ್ರ ಡೋಣಿ ಹೊಳಿ ದಂಡಿಗೆ ನಾಕ ಎಕರೆ ಬಿಳಿಜ್ವಾಳ ಐತ್ರಿ. ತೆನಿ ಹಾಲು ತುಂಬೂ ಹೊತ್ತಿಗೆ ಗುಲಾಬಿ ಮೈ, ಕರಿ ತಲಿ ಇರೂ ಹಕ್ಕಿ ಸಾವಿರಗಟ್ಟಲೆ ಬಂದು ಬೀಳತಾವ. ಅಪ್ಪಾರು ‘ಅವು ವರ್ಷಾ ಬರೂವ, ಓಡಸ್ರಿ, ಆದ್ರ ಕೊಲ್ಲಬ್ಯಾಡ್ರಿ’ ಅಂತಾರ. ಬಾಜೂ ಹೊಲದವರು ಕಾಳಿಗೆ ಔಷಧ ಕಲಸಿ ಬದುವಿಗೆ ಇಡೂಣು ಅಂತಾರ. ಇವು ಎಲ್ಲಿಂದ ಬರತಾವ್ರಿ? ಇವುಗಳಿಂದ ಏನರ ಉಪಯೋಗ ಐತೇನು? ಜ್ವಾಳ ಉಳಿಸಿಕೊಳ್ಳೂದು ಹ್ಯಾಂಗ?

ಉತ್ತರ: ಮೊದಲು ಔಷಧದ ಮಾತು ಮುಗಿಸಿಬಿಡೋಣ. ಉಳಿದದ್ದಕ್ಕೆಲ್ಲ ಪುರುಸೊತ್ತಿದೆ, ಇದಕ್ಕಿಲ್ಲ. ದಯವಿಟ್ಟು ಇಡಬೇಡಿ, ಬಾಜೂ ಹೊಲದವರಿಗೂ ಇಡಲು ಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ ಎನ್ನುವುದು ಒಂದು ಕಾರಣ. ಆದರೆ ಕಾನೂನಿಗಿಂತ ಮೊದಲು ಹೊಲದ ಲೆಕ್ಕವನ್ನೇ ನೋಡಿ. ನಿಮ್ಮ ತೆನೆಗೆ ಬೀಳುವ ಹಕ್ಕಿ ತೆನೆಯ ಮೇಲೆಯೇ ಕೂತು ಹಾಲುಗಾಳು ಹಿಂಡಿ ತಿನ್ನುತ್ತದೆ. ಕಣ್ಣೆದುರು ಮೆತ್ತನೆಯ ಸಿಹಿ ಕಾಳಿರುವಾಗ ಬದುವಿನ ಮೇಲಿನ ಒಣಕಾಳು ಅದಕ್ಕೆ ಯಾಕೆ ಬೇಕು? ಆ ಒಣಕಾಳಿಗೆ ಬರುವವರು ಬೇರೆ: ಬೆಳವ, ಗುಬ್ಬಿ, ನವಿಲು, ನಿಮ್ಮದೇ ಮನೆಯ ಕೋಳಿ. ಅವು ಸತ್ತು ಬಿದ್ದರೆ ನಾಯಿ ಎಳೆಯುತ್ತದೆ, ಗಿಡುಗ ಎತ್ತಿಕೊಂಡು ಹೋಗುತ್ತದೆ. ವಿಷ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ, ನಿಮ್ಮ ಜೋಳಕ್ಕೆ ಬಿದ್ದ ಹಿಂಡು ಮಾತ್ರ ತೆನೆಯ ಮೇಲೆ ಕೂತೇ ಇರುತ್ತದೆ. 1995–96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಮಿಡತೆ ಕೊಲ್ಲಲು ಹೊಡೆದ ಮಾನೋಕ್ರೋಟೋಫಾಸ್‌ನಿಂದ ಉತ್ತರ ಅಮೆರಿಕದಿಂದ ವಲಸೆ ಬಂದಿದ್ದ ಸ್ವೇನ್ಸನ್ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಮಿಡತೆ ತಿಂದು ರೈತನಿಗೆ ನೆರವಾಗುತ್ತಿದ್ದ ಹಕ್ಕಿಗಳವು. ಆ ಔಷಧದ ಹೆಸರು ನಮ್ಮ ಎರೆಭೂಮಿಯ ರೈತರಿಗೆ ಹೊಸದೇನಲ್ಲ.

ಇನ್ನು ಹಕ್ಕಿಯ ಗುರುತು. ನೀವು ಬರೆದ ಚಹರೆ ಸ್ಪಷ್ಟವಾಗಿದೆ: ಅದು ಗುಲಾಬಿ ಕಬ್ಬಕ್ಕಿ. ಪಕ್ಷಿಶಾಸ್ತ್ರದಲ್ಲಿ ಪಾಸ್ಟರ್ ರೋಸಿಯಸ್, ಇಂಗ್ಲಿಷಿನವರಿಗೆ ರೋಸಿ ಸ್ಟಾರ್ಲಿಂಗ್. ನಮ್ಮ ಅಂಗಳದ ಗೊರವಂಕದ ದಾಯಾದಿ. ಕರಿ ತಲೆ, ಕರಿ ರೆಕ್ಕೆ, ಕರಿ ಬಾಲ, ನಡುವೆ ಮಾಸಿದ ಗುಲಾಬಿ ಮೈ, ನೆತ್ತಿಯ ಮೇಲೆ ಜೋಲುವ ಜುಟ್ಟು. ಹಿಂಡಿನಲ್ಲಿ ಮಣ್ಣುಬಣ್ಣದ, ಹಳದಿ ಕೊಕ್ಕಿನ ಹಕ್ಕಿಗಳನ್ನೂ ನೀವು ನೋಡಿರಬೇಕು. ಅವು ಬೇರೆ ಜಾತಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ, ಅದೇ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳು. ಹುಟ್ಟಿ ಆರು ತಿಂಗಳೂ ತುಂಬಿರುವುದಿಲ್ಲ, ಅಷ್ಟರಲ್ಲಿ ಡೋಣಿ ದಂಡೆ ಮುಟ್ಟಿರುತ್ತವೆ.

ಎಲ್ಲಿಂದ ಎಂದು ಕೇಳಿದಿರಿ. ಗೋಡೆಗೆ ನೇತುಹಾಕಿದ ಭೂಪಟದಲ್ಲಿ ವಿಜಯಪುರದ ಮೇಲೆ ಬೆರಳಿಟ್ಟು ನೇರ ಉತ್ತರಕ್ಕೆ ಎಳೆಯಿರಿ. ಸುಮಾರು 3,000 ಕಿಲೋಮೀಟರ್ ದಾಟಿದ ಮೇಲೆ ಬೆರಳು ಕಝಾಕಸ್ತಾನದ ಆಲ್ಮಾಟಿ ನಗರದ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಅಲ್ಲಿನ ಹುಲ್ಲು ಬಯಲು, ಅದರ ಪೂರ್ವಕ್ಕೆ ಚೀನಾದ ಶಿಂಜಿಯಾಂಗ್, ಪಶ್ಚಿಮಕ್ಕೆ ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನದಿಂದ ಟರ್ಕಿ ಮತ್ತು ಆಗ್ನೇಯ ಯುರೋಪಿನವರೆಗೆ ಇವು ಮರಿ ಮಾಡುವ ನೆಲ. ಆದರೆ ಬರುವ ದಾರಿ ನೇರವಲ್ಲ. ನಮ್ಮ ಬಾಗಲಕೋಟೆಯ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನೇ ಹಾರಿ ದಾಟಿಬಿಡುತ್ತದೆ. ಎಪ್ಪತ್ತು ಎಂಬತ್ತು ಗ್ರಾಂ ತೂಗುವ ಕಬ್ಬಕ್ಕಿ ಆ ಪರ್ವತಸಾಲನ್ನು ಪಶ್ಚಿಮದ ಮಗ್ಗುಲಿನಿಂದ ಬಳಸಿಕೊಂಡು ಅಫ್ಘಾನಿಸ್ತಾನ, ಪಾಕಿಸ್ತಾನದ ಮೇಲೆ ಹಾದು ಗುಜರಾತಿಗೆ ಇಳಿದು, ಮಹಾರಾಷ್ಟ್ರದ ಜೋಳದ ನಾಡಿನ ಮೂಲಕ ನಮ್ಮಲ್ಲಿಗೆ ತಲುಪುತ್ತದೆ.

ಇವುಗಳ ಸಂಸಾರವೆಲ್ಲ ಮಿಡತೆಯ ಮೇಲೆ ನಿಂತಿದೆ. ಮೇ, ಜೂನ್‌ನಲ್ಲಿ ಅಲ್ಲಿನ ಬಯಲಲ್ಲಿ ಮಿಡತೆ ಮರಿಗಳು ಏಳುವ ಹೊತ್ತಿಗೆ ಸರಿಯಾಗಿ ಇವು ಕಲ್ಲುಗುಡ್ಡೆಯ ಸಂದಿಗಳಲ್ಲಿ ಸಾವಿರಾರು ಜೋಡಿ ಒಟ್ಟಿಗೆ ಗೂಡು ಮಾಡುತ್ತವೆ. ಹದಿನೈದು ದಿನ ಕಾವು, ಮೂರು ನಾಲ್ಕು ವಾರದೊಳಗೆ ಮರಿ ರೆಕ್ಕೆ ಬಿಚ್ಚಬೇಕು. ಮಿಡತೆ ಇಲ್ಲದ ವರ್ಷ ಆ ಜಾಗವನ್ನೇ ಬಿಟ್ಟು, ಮಿಡತೆ ಎದ್ದ ಕಡೆಗೆ ಹೋಗುತ್ತವೆ. ಜುಲೈ, ಆಗಸ್ಟ್‌ಗೆಲ್ಲ ಭಾರತದೊಳಗೆ ಇಳಿಯತೊಡಗುತ್ತವೆ, ಏಪ್ರಿಲ್‌ವರೆಗೆ ಇರುತ್ತವೆ. ಅಂದರೆ ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಇಲ್ಲೇ. ‘ಪರದೇಶಿ ಹಕ್ಕಿ’ ಎಂದು ನಾವು ಕರೆಯುತ್ತೇವೆ, ಆದರೆ ಇವು ಅಲ್ಲಿಗೆ ಬಾಣಂತನಕ್ಕೆ ಹೋಗಿಬರುತ್ತವೆ, ಬಾಳುವೆ ಮಾಡುವುದು ನಮ್ಮಲ್ಲಿ.

ಉಪಯೋಗದ ಮಾತಿಗೆ ಬಂದರೆ, ಶಿಂಜಿಯಾಂಗ್‌ನಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿನ ಹುಲ್ಲುಗಾವಲಿಗೆ ಮಿಡತೆ ಕಾಟ ಹೆಚ್ಚು. ಔಷಧ ಹೊಡೆದು ಹೊಡೆದು ದಣಿದ ಮೇಲೆ, 1980ರ ದಶಕದಿಂದ ಅಲ್ಲಿಯವರು ಈ ಹಕ್ಕಿಗಾಗಿಯೇ ಕಲ್ಲಿನ ಗುಡ್ಡೆ ಒಟ್ಟಿ, ಇಟ್ಟಿಗೆಯ ಗೂಡು ಕಟ್ಟಿ ಕರೆಯತೊಡಗಿದರು. ಒಂದು ಹಕ್ಕಿ ದಿನಕ್ಕೆ ನೂರಕ್ಕೂ ಹೆಚ್ಚು ಮಿಡತೆ ತಿನ್ನುತ್ತದೆ ಎಂಬುದು ಅವರ ಲೆಕ್ಕ. ಅಲ್ಲಿ ಕುರಿಗಾರ ಗೂಡು ಕಟ್ಟಿ ಕಾಯುವ ಹಕ್ಕಿಗೆ ಇಲ್ಲಿ ನಾವು ಕವಣೆ ಬೀಸುತ್ತೇವೆ. ಎರಡೂ ಕಡೆಯವರದು ತಪ್ಪಲ್ಲ. ಅಲ್ಲಿ ಅದು ತಿನ್ನುವುದು ಮಿಡತೆ, ಇಲ್ಲಿ ಜೋಳ.

ಇಲ್ಲಿ ಬರೇ ಜೋಳವೇ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಒಮ್ಮೆ ಡಿಸೆಂಬರ್‌ನಲ್ಲಿ ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ದಂಡೆಯ ಜಾಲಿ ಮೆಳೆಯಲ್ಲಿ ಇವು ರಾತ್ರಿ ತಂಗುವ ಜಾಗ ಸಿಕ್ಕಿತು. ಹೊತ್ತು ಮುಳುಗುವಾಗ ನಾಲ್ಕೂ ದಿಕ್ಕಿನಿಂದ ಸಣ್ಣ ಸಣ್ಣ ಗುಂಪುಗಳು ಬಂದು ಒಂದಾದವು. ಆಕಾಶದಲ್ಲಿ ಕರಿ ಸೆರಗು ಬೀಸಿದಂತೆ ಹಿಂಡು ಒಮ್ಮೆ ಹಿಗ್ಗಿ, ಒಮ್ಮೆ ಕುಗ್ಗಿ, ಕೊನೆಗೆ ಸುರಿದಂತೆ ಜಾಲಿಯೊಳಗೆ ಇಳಿಯಿತು. ಆಮೇಲೆ ಅರ್ಧ ತಾಸು ಸಂತೆಯ ಗದ್ದಲ. ಮರುದಿನ ನಸುಕಿನಲ್ಲಿ ಅವು ಎದ್ದುಹೋದ ಮೇಲೆ ಕೆಳಗೆ ಬಿದ್ದ ಹಿಕ್ಕೆಯನ್ನು ಹಳೆಯ ಪತ್ರಿಕೆಯ ಮೇಲೆ ಕೂಡಿಸಿ, ನೀರು ಚಿಮುಕಿಸಿ, ಕಡ್ಡಿಯಿಂದ ಬಿಡಿಸಿ ಭೂತಗನ್ನಡಿ ಹಿಡಿದೆ. ಜೋಳದ ಸಿಪ್ಪೆ ಇತ್ತು, ನಿಜ. ಅದರ ಜೊತೆಗೆ ಗರಗಸದಂಥ ಹಲ್ಲಿರುವ ಮಿಡತೆಯ ಕಾಲಿನ ತುಂಡುಗಳು, ಜೀರುಂಡೆಯ ಹೊಳೆಯುವ ಬೆನ್ನುಚಿಪ್ಪು, ಸಾಸಿವೆಗಿಂತ ಸಣ್ಣ ಆಲದ ಬೀಜ, ಕೀಡೆಯ ಕಂದು ತಲೆಗಳು. ಅಷ್ಟು ಸಣ್ಣ ತಲೆಗಳನ್ನು ಎಣಿಸುತ್ತ ಕೂತಾಗ ಹೊತ್ತು ಏರಿದ್ದೇ ತಿಳಿಯಲಿಲ್ಲ.

ಫೆಬ್ರುವರಿ, ಮಾರ್ಚ್‌ಗೆ ಜೋಳ ಕಣಕ್ಕೆ ಬಂದ ಮೇಲೆ ಇವು ಎಲ್ಲಿರುತ್ತವೆ ಎಂದು ನೋಡಿ. ಮುತ್ತಲ ಹೂವಿನಲ್ಲಿ, ಬೂರುಗದ ಹೂವಿನಲ್ಲಿ ತಲೆ ತೂರಿಸಿ ಮಕರಂದ ಹೀರುತ್ತಿರುತ್ತವೆ. ಕರಿ ಹಣೆಗೆ ಪರಾಗ ಮೆತ್ತಿ ಭಂಡಾರ ಹಚ್ಚಿಕೊಂಡಂತೆ ಕಾಣುತ್ತವೆ. ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಆ ಹಣೆಯದು. ಆಲ, ಅರಳಿ, ಅತ್ತಿಯ ಬೀಜ ಊರೂರಿಗೆ ಹಂಚುವುದೂ ಇವೇ. ರಾಜಹಂಸ ನೋಡಲು ಹಿನ್ನೀರಿಗೆ ಕ್ಯಾಮೆರಾ ಹೊತ್ತು ಬರುವವರಿಗೆ ನಾನು ಯಾವಾಗಲೂ ಹೇಳುವುದುಂಟು: ಬರುವ ದಾರಿಯಲ್ಲಿ ಒಂದು ಮುತ್ತಲದ ಕೆಳಗೂ ನಿಲ್ಲಿ.

ಈಗ ನಿಮ್ಮ ನಾಲ್ಕು ಎಕರೆಗೆ ಬರೋಣ. ನಿಮ್ಮ ನಷ್ಟ ಸಣ್ಣದು ಎಂದು ನಾನು ಹೇಳುವುದಿಲ್ಲ. ಎರಡು ಸಾವಿರ ಹಕ್ಕಿ ಬೆಳಿಗ್ಗೆ ಎರಡು ತಾಸು ಕೂತರೆ ಹೊಲದ ಅಂಚಿನ ತೆನೆಗಳು ಬರೀ ಬೂದಿ ಬಣ್ಣದ ಕಡ್ಡಿಯಾಗಿ ನಿಲ್ಲುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ‘ಹಕ್ಕಿ ವಿಪರೀತ ಆಗ್ಯಾವ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಾದದ್ದು ಹಕ್ಕಿಯಲ್ಲ, ಕಡಿಮೆಯಾದದ್ದು ಜೋಳ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುತ್ತಿದ್ದ ಸೀಮೆ ನಿಮ್ಮದು. ನಾಲ್ಕು ದಶಕದ ಹಿಂದೆ ರಾಜ್ಯದಲ್ಲಿ 20 ಲಕ್ಷ ಹೆಕ್ಟೇರಿನ ಆಸುಪಾಸು ಇದ್ದ ಜೋಳ ಈಗ ಅದರ ಅರ್ಧಕ್ಕಿಂತ ಕೆಳಗಿಳಿದಿದೆ. ನಿಮ್ಮ ಸುತ್ತ ಈಗ ತೊಗರಿ, ಹತ್ತಿ, ನೀರಿದ್ದ ಕಡೆ ಕಬ್ಬು. ನಿಮ್ಮ ತಂದೆಯವರ ಕಾಲದಲ್ಲಿ ಅದೇ ಹಿಂಡು ಸಾವಿರ ಎಕರೆ ಮೇಲೆ ಹರಡಿ ಕೂರುತ್ತಿತ್ತು. ಎಕರೆಗೆ ಹತ್ತು ತೆನೆ ಹೋದರೆ ಯಾರಿಗೆ ಲೆಕ್ಕ? ಈಗ ಅದೇ ಹಿಂಡಿಗೆ ಎತ್ತರದಿಂದ ಕಾಣುವುದು ನಿಮ್ಮದೊಂದೇ ಬಿಳಿ ತುಂಡು. ಹಂಚಿಹೋಗುತ್ತಿದ್ದ ನಷ್ಟ ಒಬ್ಬರ ತಲೆಗೆ ಬಿದ್ದಿದೆ.

ಇನ್ನೊಂದೂ ಇದೆ. ಮೊದಲು ಹಕ್ಕಿಗೆ ಜೋಳ ಬಿಟ್ಟು ಬೇರೆ ತುತ್ತಿತ್ತು. ರಸ್ತೆಯ ಇಕ್ಕೆಲದ ಆಲ, ಅರಳಿ ರಸ್ತೆ ಅಗಲ ಮಾಡುವಾಗ ಹೋದವು. ದನ ಮೇಯುತ್ತಿದ್ದ ಹುಲ್ಲುಬಯಲು ಉಳುಮೆಗೆ ಬಂತು, ಮಿಡತೆ ಅಲ್ಲಿರುತ್ತಿತ್ತು. ಬದುವಿನ ಮೆಳೆಯನ್ನು ಜೆಸಿಬಿಯಿಂದ ಕಿತ್ತು ಹೊಲ ಚೊಕ್ಕ ಮಾಡಿದೆವು. ಹಸಿದ ಹಿಂಡು ಇನ್ನೆಲ್ಲಿಗೆ ಹೋಗಬೇಕು? ಆದ್ದರಿಂದ ನಿಮ್ಮ ಬದುವಿನಲ್ಲಿ ಅತ್ತಿಯೋ ಆಲವೋ ಉಳಿದಿದ್ದರೆ ಅದನ್ನು ಹಕ್ಕಿ ಕರೆಯುವ ಮರ ಎಂದು ಕಡಿಯಬೇಡಿ. ಹಣ್ಣಿರುವಷ್ಟು ದಿನ ಅದು ನಿಮ್ಮ ತೆನೆಯ ಪಾಲಿಗೆ ಕಾವಲುಗಾರ.

ಉಳಿಸಿಕೊಳ್ಳುವ ದಾರಿ ಹೇಳುವ ಮುಂಚೆ ಒಂದು ಮಾತು: ಯಾರು ತಿಂದರು ಎಂದು ಮೊದಲು ತೆನೆ ನೋಡಿ ತಿಳಿಯಿರಿ. ತೆನೆ ಅರ್ಧಕ್ಕೆ ಕತ್ತರಿಸಿ ನೆಲಕ್ಕೆ ಬಿದ್ದಿದ್ದರೆ ಅದು ಗಿಳಿಯ ಕೆಲಸ. ತಿನ್ನುವುದಕ್ಕಿಂತ ಕೆಡಿಸುವುದು ಹೆಚ್ಚು. ಕಾಳು ಗಟ್ಟಿಯಾದ ಮೇಲೆ ಒಡೆದು, ಹೊಟ್ಟು ಮಾತ್ರ ತೆನೆಯ ಬುಡದಲ್ಲಿ ಉದುರಿದ್ದರೆ ಗುಬ್ಬಿ, ಗೀಜಗ ಅಥವಾ ಇದೇ ಹೊತ್ತಿಗೆ ಪಶ್ಚಿಮ ಏಷ್ಯಾ ಕಡೆಯಿಂದ ಬರುವ, ಹಳದಿ ಹೊಟ್ಟೆಯ ಕರಿತಲೆ ಬಂಟಿಂಗ್. ಕಾಳು ಹಾಲಿರುವಾಗಲೇ ಹಿಂಡಿದಂತಾಗಿ ತೆನೆಯ ತುದಿ ಬೋಳಾಗಿದ್ದರೆ ಕಬ್ಬಕ್ಕಿ. ಎಲ್ಲರ ಪಾಲನ್ನೂ ಗುಲಾಬಿ ಹಕ್ಕಿಯ ತಲೆಗೆ ಕಟ್ಟಬಾರದು. ಹಿಂಡು ಕಣ್ಣಿಗೆ ಬೀಳುತ್ತದೆ, ಗಿಳಿ ಸದ್ದಿಲ್ಲದೆ ಒಳಗೆ ಕೂತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಉಪಾಯ ಬಿತ್ತನೆಯ ದಿನವೇ ಇದೆ. ನಿಮ್ಮ ಆಚೆ ಈಚೆ ಜೋಳ ಹಾಕುವವರು ಹತ್ತು ಮಂದಿ ಇದ್ದರೂ ಸಾಕು, ಉತ್ತರಿ, ಹಸ್ತ ಮಳೆ ನೋಡಿಕೊಂಡು ಎಲ್ಲರೂ ಒಂದೇ ವಾರ ಹತ್ತು ದಿನದೊಳಗೆ ಬಿತ್ತಿ. ಸಾಧ್ಯವಾದರೆ ಹೊಲಗಳು ಒಂದಕ್ಕೊಂದು ತಾಗಿರಲಿ. ಮುಂಚೆ ತೆನೆ ಹಿರಿದವನ ಹೊಲಕ್ಕೂ ಕೊನೆಗೆ ಉಳಿದವನ ಹೊಲಕ್ಕೂ ಇಡೀ ಹಿಂಡು ಬೀಳುತ್ತದೆ. ಎಲ್ಲರ ತೆನೆ ಒಟ್ಟಿಗೆ ಹಾಲು ತುಂಬಿದರೆ ಹಿಂಡು ಹಂಚಿಹೋಗುತ್ತದೆ, ಕಾಯುವ ಆಳೂ ಹಂಚಿಹೋಗುತ್ತದೆ. ನಿಮ್ಮ ಸೀಮೆಯ ಮಾಲದಂಡಿಯ ಕಾಳು ಮುತ್ತಿನಂತೆ ಬೆಳ್ಳಗೆ, ರುಚಿಗೆ ಸಿಹಿ. ಒಗರು ಹೆಚ್ಚಿರುವ ಕೆಂಪು ಜೋಳವನ್ನು, ತೆನೆಯಲ್ಲಿ ಮೀಸೆ ಇರುವ ತಳಿಯನ್ನು ಹಕ್ಕಿ ಅಷ್ಟಾಗಿ ಮುಟ್ಟುವುದಿಲ್ಲ. ಹಾಗೆಂದು ತಳಿ ಬದಲಿಸಿ ಎಂದು ನಾನು ಹೇಳಲಾರೆ. ಮಾಲದಂಡಿಯ ರೊಟ್ಟಿ ಬಿಟ್ಟು ಬೇರೆ ಉಣ್ಣಿ ಎಂದು ವಿಜಯಪುರದವರಿಗೆ ಹೇಳುವ ಹಕ್ಕು ನನಗಿಲ್ಲ.

ಕಾಯುವ ಕಾಲ ಅಷ್ಟೇನೂ ದೀರ್ಘವಲ್ಲ. ಹಾಲು ತುಂಬಿದಾಗಿನಿಂದ ಕಾಳು ಗಟ್ಟಿಯಾಗುವವರೆಗೆ 20–25 ದಿನ. ಅದರಲ್ಲೂ ದಿನವಿಡೀ ನಿಲ್ಲಬೇಕಾಗಿಲ್ಲ. ಹೊತ್ತು ಹುಟ್ಟಿದ ಮೊದಲ ಎರಡು ಮೂರು ತಾಸು, ಮತ್ತೆ ಸಂಜೆ ನಾಲ್ಕರ ಮೇಲೆ ಹಿಂಡು ತಿನ್ನಲು ಇಳಿಯುತ್ತದೆ. ನಡು ಮಧ್ಯಾಹ್ನ ಮರ ಹಿಡಿದು ಕೂರುತ್ತದೆ. ಕೂಲಿ ಕೊಟ್ಟು ಆಳು ಇಡುವುದಾದರೆ ಈ ಎರಡು ಹೊತ್ತಿಗೆ ಇಬ್ಬರನ್ನು ಇಡಿ, ಹಗಲಿಡೀ ಒಬ್ಬನನ್ನು ಬೇಡ. ಮೊದಲ ದಿನ ಬರುವುದು ಸಾಮಾನ್ಯವಾಗಿ ಸಣ್ಣ ಗುಂಪು. ಅದನ್ನು ‘ಹತ್ತಿಪ್ಪತ್ತು ಹಕ್ಕಿ ಅಲ್ಲೇನು’ ಎಂದು ಬಿಡಬೇಡಿ. ರುಚಿ ಹತ್ತಿದ ಹಿಂಡನ್ನು ಎಬ್ಬಿಸುವುದು ಬಹಳ ಕಷ್ಟ, ಹತ್ತದ ಗುಂಪನ್ನು ಓಡಿಸುವುದು ಸುಲಭ.

ಹಿಂಡು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಿದ್ದರೆ ಕವಣೆಯ ಕೆಲಸ ಹಗುರಾಗುತ್ತದೆ. ರೋಮ್ ನಗರದ ಮೇಲೆ ಹಾರುವ ಯುರೋಪಿನ ಕಬ್ಬಕ್ಕಿಗಳ ಹಿಂಡನ್ನು ಫೋಟೋ ತೆಗೆದು ಅಳೆದ ವಿಜ್ಞಾನಿಗಳು 2008ರಲ್ಲಿ ತೋರಿಸಿದಂತೆ, ಪ್ರತಿ ಹಕ್ಕಿಯೂ ಗಮನಿಸುವುದು ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಅವು ತಿರುಗಿದರೆ ಇದೂ ತಿರುಗುತ್ತದೆ. ಹೀಗೆ ಒಂದು ಮೂಲೆಯ ಬೆದರಿಕೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಹಿಂಡಿಗೆಲ್ಲ ಹರಡುತ್ತದೆ. ಗುಲಾಬಿ ಕಬ್ಬಕ್ಕಿಯ ಹಿಂಡೂ ಅದೇ ಬಗೆಯಲ್ಲಿ ಹೊರಳುವುದನ್ನು ನೀವು ದಿನಾ ನೋಡುತ್ತೀರಿ. ಆದ್ದರಿಂದ ಹಿಂಡಿನ ನಡುವೆ ಓಡಾಡಿ ಜೋಳ ತುಳಿಯಬೇಕಾಗಿಲ್ಲ. ಅದು ಇಳಿಯುವ ಅಂಚಿನಲ್ಲೇ, ಇಳಿಯುವ ಮುನ್ನವೇ ಸದ್ದು ಮಾಡಿ. ಹೊಳೆಯುವ ರಿಬ್ಬನ್, ತಗಡಿನ ಡಬ್ಬಿ, ಬೆರ್ಚಪ್ಪ ಎಲ್ಲವೂ ನಡೆಯುತ್ತವೆ, ಆದರೆ ಯಾವುದೂ ವಾರದ ಮೇಲೆ ನಡೆಯುವುದಿಲ್ಲ. ಇವು ಬಹಳ ಚುರುಕು. ಬೆರ್ಚಪ್ಪನ ತಲೆಯ ಮೇಲೆ ಕೂತು ಗರಿ ತೀಡಿಕೊಳ್ಳುವುದನ್ನು ನೋಡಿದ್ದೇನೆ. ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ, ಬಗೆ ಬದಲಿಸಿ, ನಡುನಡುವೆ ನಿಜವಾದ ಮನುಷ್ಯ ಕೂಗಲಿ. ಬೀಜಕ್ಕೆಂದು ಆರಿಸಿದ ತೆನೆಗಳಿದ್ದರೆ ಅದೇ ದಂಟಿನ ಗರಿಯನ್ನು ಸುತ್ತಿ ಕಟ್ಟಿಬಿಡಿ, ಹಿಂದಿನವರು ಮಾಡುತ್ತಿದ್ದಂತೆ.

ಬಲೆಯ ಬಗ್ಗೆ ನೀವು ಕೇಳಿಲ್ಲ, ಆದರೆ ತಿಕೋಟಾ ಕಡೆಯ ದ್ರಾಕ್ಷಿಯವರು ಕೇಳುತ್ತಿರುತ್ತಾರೆ. ತೆಳು ನೈಲಾನ್ ಬಲೆಯನ್ನು ಸಡಿಲ ಬಿಟ್ಟರೆ ಹಕ್ಕಿ ಕಾಲು ಸಿಕ್ಕಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ, ಹಾವೂ ಸಿಕ್ಕಿಕೊಳ್ಳುತ್ತದೆ. ಹಾಕುವುದೇ ಆದರೆ ದಪ್ಪ ದಾರದ್ದು, ಕಂಬಕ್ಕೆ ಬಿಗಿಯಾಗಿ ಎಳೆದು ಕಟ್ಟಿದ್ದು, ನೆಲಕ್ಕೆ ಜೋತು ಬೀಳದ್ದು ಇರಲಿ.

ಈಗ ಹಕ್ಕಿಯನ್ನು ದುಡಿಸಿಕೊಳ್ಳುವ ಮಾತು. ನಿಮ್ಮಲ್ಲೋ ಬಾಜೂ ಹೊಲದವರಲ್ಲೋ ಕಡಲೆ ಇದ್ದೇ ಇರುತ್ತದೆ, ಅದರಲ್ಲಿ ಕಾಯಿಕೊರಕ ಕೀಡೆಯೂ ಇರುತ್ತದೆ. ಹಕ್ಕಿ ಕೂರಲು ಎಕರೆಗೆ 20ರಷ್ಟು ಅಡ್ಡಕೋಲು ನೆಡಿ ಎಂದು ಕೃಷಿ ತಜ್ಞರು ಹೇಳುತ್ತಾರೆ. ಕಡಲೆ ಬಿತ್ತುವಾಗ ಒಂದು ಹಿಡಿ ಜೋಳದ ಕಾಳು ಬೆರೆಸಿದರೆ ಅಲ್ಲಲ್ಲಿ ಎದ್ದ ಜೋಳದ ದಂಟೇ ಆ ಕೋಲಾಗುತ್ತದೆ. ಕಡಲೆಯಲ್ಲಿ ಹಕ್ಕಿಗೆ ಕಾಳಿನ ಆಸೆಯಿಲ್ಲ, ಕೀಡೆಯ ಆಸೆ. ಕಾಜಾಣ, ಗೊರವಂಕ, ಕಬ್ಬಕ್ಕಿ ಎಲ್ಲವೂ ಬಂದು ಕೂತು ಆರಿಸುತ್ತವೆ. ಎಳ್ಳಮಾವಾಸ್ಯೆಗೆ ನೀವು ಹೊಲಕ್ಕೆ ಚರಗ ಚೆಲ್ಲುತ್ತೀರಲ್ಲ, ಸಜ್ಜಿ ರೊಟ್ಟಿ, ಕಡುಬು, ಪಲ್ಯ ಎಲ್ಲ ನಾಲ್ಕು ದಿಕ್ಕಿಗೂ? ಅದು ಭೂಮಿತಾಯಿಯ ಬಯಕೆ ಊಟ. ಕೀಡೆ ಕಡಲೆಗೆ ಏರುವ ಹೊತ್ತೂ ಅದೇ, ಚರಗದ ಅನ್ನಕ್ಕೆ ಇಳಿದ ಹಕ್ಕಿ ಕೀಡೆಗೂ ಬಾಯಿ ಹಾಕುತ್ತದೆ. ಚರಗವನ್ನು ಜೋಳದ ನಡುವೆ ಹೆಸರಿಗಷ್ಟು ಚೆಲ್ಲಿ, ಕಡಲೆಯೊಳಗೆ ಧಾರಾಳವಾಗಿ ಚೆಲ್ಲಿ.

ನಿಮ್ಮ ತಂದೆಯವರ ಹತ್ತಿರ ಒಂದು ಸಂಜೆ ಕೂತು, ಅವರ ಎಳೆತನದಲ್ಲಿ ಯಾವ ಹಬ್ಬದ ಆಸುಪಾಸಿಗೆ ಮೊದಲ ಹಿಂಡು ಬರುತ್ತಿತ್ತು, ಯಾವ ಮರ ಹಿಡಿದು ತಂಗುತ್ತಿತ್ತು ಎಂದು ಕೇಳಿ ಒಂದು ವಹಿಯಲ್ಲಿ ಬರೆದಿಡಿ. ಈ ವರ್ಷದ್ದನ್ನೂ ಅದರ ಕೆಳಗೆ ಬರೆಯಿರಿ: ಬಂದ ದಿನ, ಅಂದಾಜು ಎಷ್ಟು, ಹೊಲದ ಯಾವ ದಿಕ್ಕಿನಿಂದ ಇಳಿದವು. ಮುಂದಿನ ಬಿತ್ತನೆಗೆ ನಿಮಗೆ ಅದಕ್ಕಿಂತ ಒಳ್ಳೆಯ ಪಂಚಾಂಗ ಸಿಗದು. ಹಕ್ಕಿ ಕಾಯುವ ಮಂಚಿಕೆಯನ್ನು ಈ ಸಲ ಹೊಲದ ಮೂಡಣ ಅಂಚಿಗೆ, ತೆನೆಗಿಂತ ಎರಡು ಮೊಳ ಎತ್ತರಕ್ಕೆ ಕಟ್ಟಿ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ, ಹಿಂಡು ಇನ್ನೂ ಡೋಣಿಯ ಆಚೆ ದಂಡೆಯಲ್ಲಿರುವಾಗಲೇ ಅದರ ಗುಲಾಬಿ ಹೊಳಪು ಕಣ್ಣಿಗೆ ಬೀಳುತ್ತದೆ. ಕವಣೆಗೆ ಕಲ್ಲು ಬೇಡ, ಕೆರೆಯ ಮಣ್ಣಿನ ಹಸಿ ಉಂಡೆ ಸಾಕು.